ಅಗಸೆ: ವೃಕ್ಷಪರಿಚಯ ಮತ್ತು ಶಬ್ದನಿರ್ಣಯ

೧. ವಿಷಯನಿರ್ದೇಶ

ಒಂದೇ ರೂಪವನ್ನು ತಾಳಿ ಪರಸ್ಪರ ಸಂಬಂಧವಿಲ್ಲದ ಅರ್ಥಗಳನ್ನು ಕೊಡುವ ಶಬ್ದಗಳು ಕನ್ನಡದಲ್ಲಿ ಅನೇಕವಿರುವುವು. ಅವುಗಳಲ್ಲಿ ‘ಅಗಸೆ’ ಎಂಬುದೊಂದು. ಉತ್ತರ ಕರ್ಣಾಟಕದ ಹಳ್ಳಿಯವನಿಗೆ ಊರ ಅಗಸೆಯೆಂದರೆ ಊರಿನ ಹೆಬ್ಬಾಗಿಲು. ಅದೇ ಸೀಮೆಯ ಒಕ್ಕಲಿಗನು ಹೊಲದಲ್ಲಿ ಬಿತ್ತುವ ಅಗಸೆಯು ಎಣ್ಣೆಕಾಳಿನ ಪೈರು. ಬಯಲುಸೀಮೆಯ ಎಲೆತೋಟದವನು ವೀಳ್ಯದ ಬಳ್ಳಿಯನ್ನು ಹಬ್ಬಿಸುವ ಅಗಸೆಯಾದರೋ ದೊಡ್ಡ ಬಿಳಿಯ ಹೂಗಳನ್ನು ಬಿಡುವ ಮರ. ಮೊದಲನೆಯ ಅರ್ಥವು ಕೋಟೆ, ಬಾಗಿಲು, ಕಾವಲು ಮುಂತಾದ ಸಹಚರಶಬ್ದಗಳಿಂದ ಸುಲಭವಾಗಿ ತಿಳಿಯುವುದರಿಂದ ಅದರಲ್ಲಿ ಸಂದೇಹಕ್ಕೆ ಎಡೆ ಕಡಮೆ. ಉಳಿದ ಎರಡು ಅರ್ಥಗಳು ಸಸ್ಯವಾಚಕಗಳೇ ಆಗಿ, ಎರಡೂ ಹೂವಿಗೆ ಹೆಸರಾಗಿ, ಎರಡೂ ಊಟಕ್ಕೂ ಔಷಧಕ್ಕೂ ಒದಗುವುವಾದುದರಿಂದ ಓದುವವರಿಗೂ ಪಾಠ ಹೇಳುವವರಿಗೂ ಭಾಷಾಂತರಕಾರರಿಗೂ ತೊಡಕನ್ನುಂಟುಮಾಡುತ್ತವೆ.

ಈ ತೊಡಕು ಕೇವಲ ಶಬ್ದಕುತೂಹಲದ ವಿಷಯವಲ್ಲ. ಶ್ರೀಕೃಷ್ಣನ ಮೈಬಣ್ಣಕ್ಕೆ ಉಪಮಾನವಾಗಿ ಬಂದ ‘ಅತಸೀಪುಷ್ಪ’ವನ್ನು ‘ಅಗಸೆಯ ಹೂ’ ಎಂದಷ್ಟೇ ಅರ್ಥ ಬರೆದರೆ, ಹಿತ್ತಿಲಿನಲ್ಲಿ ಅಗಸೆಮರವುಳ್ಳ ವಿದ್ಯಾರ್ಥಿಯು ನೀಲಮೇಘಶ್ಯಾಮನನ್ನು ಹಾಲಿನಂತೆ ಬೆಳ್ಳಗಿರುವವನೆಂದು ಭಾವಿಸಬೇಕಾಗುವುದು. ವೈದ್ಯಗ್ರಂಥದಲ್ಲಿ ಇರುಳುಗುರುಡಿಗೆ ಹೇಳಿದ ಅಗಸೆಯನ್ನು ಎಣ್ಣೆಕಾಳೆಂದು ತಿಳಿದರೆ ರೋಗಿಗೆ ಸಲ್ಲಬೇಕಾದ ದ್ರವ್ಯವು ಸಲ್ಲದೆ ಹೋಗುವುದು. ಆದುದರಿಂದ ಅಗಸೆಮರದ ಸ್ವರೂಪ, ಅದನ್ನು ಬೆಳೆಯಿಸುವ ಕ್ರಮ, ಅದರ ಹೂವಿನ ಉಪಯೋಗ, ಹೆಸರಿನ ಚರಿತ್ರೆ ಇವುಗಳನ್ನು ಕ್ರಮವಾಗಿ ವಿಚಾರಿಸಿ, ಗ್ರಂಥಗಳಲ್ಲಿ ಯಾವೆಡೆ ಯಾವ ಅರ್ಥವೆಂಬುದನ್ನು ನಿರ್ಣಯಿಸುವ ಗುರುತುಗಳನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಅಗಸೆಮರದ ಸ್ವರೂಪ

ಅಗಸೆಯು ಅವರೆ, ತೊಗರಿ, ಹುಣಿಸೆಗಳನ್ನೊಳಗೊಂಡ ದ್ವಿದಳಧಾನ್ಯದ ಮಹಾಕುಲಕ್ಕೆ ಸೇರಿದ ಮೃದುಕಾಷ್ಠದ ಮರ. ಅದು ಬಹು ಬೇಗ ಬೆಳೆದು ಸಾಮಾನ್ಯವಾಗಿ ೨೫ರಿಂದ ೩೦ ಅಡಿಗಳ ಎತ್ತರವನ್ನು ಮುಟ್ಟುತ್ತದೆ. ಬೆಳವಣಿಗೆ ಎಷ್ಟು ಶೀಘ್ರವೋ ಆಯುಸ್ಸು ಅಷ್ಟೇ ಅಲ್ಪ; ಮಾವು ಹುಣಿಸೆಗಳಂತೆ ತಲೆಮಾರುಗಳ ಕಾಲ ನಿಲ್ಲುವ ಮರವಿದಲ್ಲ. ಕೊಂಬೆಗಳು ವಿರಳವಾಗಿದ್ದು ನೆರಳು ಜಾಳುಜಾಳಾಗಿರುತ್ತದೆ. ಎಲೆಯು ಗರಿಯಂತೆ ಸಂಯುಕ್ತವಾದದ್ದು. ನಡುವಿನ ಒಂದೇ ಕಡ್ಡಿಯ ಎರಡು ಪಕ್ಕಗಳಲ್ಲಿಯೂ ಹತ್ತು ಇಪ್ಪತ್ತು ಜೊತೆ ಕಿರುಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ಕಿರುಎಲೆಯ ಆಕಾರ ನೀಳವಾದ ದುಂಡು, ತುದಿ ಮೊಂಡು.

ಈ ಮರದ ವೈಶಿಷ್ಟ್ಯವಿರುವುದು ಹೂವಿನಲ್ಲಿ. ಎಲೆಯ ಕಂಕುಳಿನಿಂದ ಹೊರಡುವ ಚಿಕ್ಕ ಗೊಂಚಲಿನಲ್ಲಿ ಎರಡರಿಂದ ನಾಲ್ಕೈದು ಹೂಗಳು ಕೆಳಮುಖವಾಗಿ ಜೋಲುತ್ತವೆ. ಒಂದೊಂದು ಹೂವೂ ಮೂರು ಅಂಗುಲಗಳಷ್ಟು ಉದ್ದ; ಹಲಕೆಲವು ಇನ್ನೂ ದೊಡ್ಡವು. ಬುಡದಲ್ಲಿ ಗಂಟೆಯಾಕಾರದ ಹಸುರು ಬಟ್ಟಲು. ಅದರೊಳಗಿಂದ ಹೊರಡುವ ಐದು ದಳಗಳಲ್ಲಿ ಮೇಲಿನದು ಅಗಲವಾಗಿ ಬಾವುಟದಂತೆ ಹಿಂದಕ್ಕೆ ಬಾಗುತ್ತದೆ, ಪಕ್ಕದ ಎರಡು ರೆಕ್ಕೆಗಳಂತಿರುತ್ತವೆ, ಕೆಳಗಿನ ಎರಡು ಒಂದರೊಡನೊಂದು ಕೂಡಿ ದೋಣಿಯಂತೆ ಡೊಂಕಾಗುತ್ತವೆ. ಆ ದೋಣಿಯ ಒಳಗೆ ಹತ್ತು ಕೇಸರಗಳು. ಅವುಗಳಲ್ಲಿ ಒಂಬತ್ತು ಒಂದು ಕಟ್ಟಾಗಿಯೂ ಹತ್ತನೆಯದು ಬಿಡಿಯಾಗಿಯೂ ಇರುತ್ತದೆ. ಅರಳದ ಮೊಗ್ಗು ಕುಡುಗೋಲಿನಂತೆ, ಅಥವಾ ಬಿದಿಗೆಯ ಚಂದ್ರನಂತೆ ಬಾಗಿರುವುದು. ಈ ಬಾಗನ್ನು ಒಮ್ಮೆ ಕಂಡವರು ಮರೆಯಲಾರರು. ಕವಿಗಳೂ ಮರೆತಿಲ್ಲವೆಂಬುದನ್ನು ಮುಂದೆ ಕಾಣಬಹುದು.

ಹೂವಿನ ಬಣ್ಣ ಎರಡು ಬಗೆ: ಹಾಲಿನಂಥ ಬಿಳುಪು, ಮತ್ತು ನಸುಗೆಂಪಿನಿಂದ ಕಡುಗೆಂಪಿನವರೆಗಿನ ಕೆಂಪು. ನರಹರಿಪಂಡಿತನ ರಾಜನಿಘಂಟುವಿನಲ್ಲಿ ಬಿಳಿದು, ಹಳದಿ, ನೀಲ, ಕೆಂಪು ಎಂದು ನಾಲ್ಕು ಬಗೆಯ ಅಗಸ್ತಿ ಹೇಳಲ್ಪಟ್ಟಿದೆ. ತೋಟಗಳಲ್ಲಿ ಕಾಣುವುದು ಮೊದಲನೆಯದೂ ಕೊನೆಯದೂ ಮಾತ್ರ. ಹಳದಿ ಹೂವು ಇದರ ದಾಯಾದಿಯಾದ ಜಯಂತಿಯಲ್ಲುಂಟು. ನಿಘಂಟುಕಾರನು ಅದನ್ನೇ ಅಗಸ್ತಿಯ ಭೇದವೆಂದು ಎಣಿಸಿರಬಹುದು. ನೀಲಿಯ ಅಗಸ್ತಿಯಾದರೋ ನೆಲದ ಮೇಲೆ ಕಾಣದು.

ಹೂವು ಉದುರಿದ ಬಳಿಕ ಬಿಡುವ ಕಾಯಿ ಒಂದು ಅಡಿಗೂ ಮೀರಿ ಉದ್ದವಾಗಿ, ಬೆರಳಿಗಿಂತ ಸಣ್ಣದಾಗಿ, ಹಗ್ಗದ ತುಂಡಿನಂತೆ ಜೋಲಾಡುತ್ತದೆ. ಅದರಲ್ಲಿ ಹದಿನೈದರಿಂದ ಐವತ್ತರವರೆಗೆ ಬೀಜಗಳಿರುವುವು.

೩. ಸಸ್ಯಶಾಸ್ತ್ರದಲ್ಲಿ ಇದರ ನಾಮಕರಣ

ಈ ಮರವು ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಜಾತಿಯಲ್ಲ. ಇದರ ಮೂಲನೆಲೆ ಆಗ್ನೇಯ ಏಷ್ಯದ ದ್ವೀಪಗಳ ಕಡೆಯದೆಂದು ಸಸ್ಯಶಾಸ್ತ್ರಜ್ಞರ ಎಣಿಕೆ. ಆದರೆ ಸಂಸ್ಕೃತ ವೈದ್ಯನಿಘಂಟುಗಳಲ್ಲಿಯೂ ಕಾವ್ಯಗಳಲ್ಲಿಯೂ ಇದಕ್ಕೆ ಅನೇಕ ಹೆಸರುಗಳಿರುವುದನ್ನು ನೋಡಿದರೆ ಇದು ಈ ದೇಶದ ತೋಟಗಳಿಗೆ ಬಹು ಹಿಂದೆಯೇ ಬಂದು ನೆಲಸಿತೆಂಬುದರಲ್ಲಿ ಸಂಶಯವಿಲ್ಲ. ಇದು ಮನೆಯ ಹಿತ್ತಿಲು, ದೇವಾಲಯದ ಅಂಗಳ, ಎಲೆತೋಟ ಇವುಗಳ ಮರವೇ ಹೊರತು ಅರಣ್ಯದ ಮರವಲ್ಲವೆಂಬ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಅರಣ್ಯವರ್ಣನೆಯಲ್ಲಿ ‘ಅಗಸೆ’ಯು ಬಂದರೆ ಪಾಠವನ್ನು ಇನ್ನೊಮ್ಮೆ ಪರಿಶೀಲಿಸುವುದು ಯುಕ್ತ.

ಪಾಶ್ಚಾತ್ಯರ ಗ್ರಂಥಗಳಲ್ಲಿ ಇದರ ಚಿತ್ರಸಹಿತವಾದ ವರ್ಣನೆಯು ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥದಲ್ಲಿ ದೊರೆಯುತ್ತದೆ. ೧೬೭೮ರಲ್ಲಿ ಆಂಸ್ಟರ್‌ಡಾಮ್ ನಗರದಲ್ಲಿ ಅಚ್ಚಾದ ಮೊದಲನೆಯ ಸಂಪುಟದಲ್ಲಿಯೇ ‘ಅಗತಿ’ ಎಂಬ ಮಲಯಾಳದ ಹೆಸರಿನಿಂದ ಈ ಮರವು ಬಂದಿದೆ. ಆ ಗ್ರಂಥಕ್ಕೆ ಮಲಯಾಳದ ವೈದ್ಯನಾದ ಇಟ್ಟಿ ಅಚ್ಯುತನೂ, ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಪಂಡಿತರೂ ನೆರವಾದರೆಂಬುದು ಗ್ರಂಥದಲ್ಲಿಯೇ ಮುದ್ರಿತವಾಗಿರುವ ಅವರ ಪ್ರಮಾಣಪತ್ರಗಳಿಂದ ವಿದಿತವಾಗುತ್ತದೆ. ೧೭೫೩ರಲ್ಲಿ ಲಿನ್ನೇಯಸನು ಇದನ್ನು ‘ರೋಬಿನಿಯ ಗ್ರಾಂಡಿಫ್ಲೋರ’ ಎಂದು ಕರೆದನು. ಗ್ರಾಂಡಿಫ್ಲೋರ ಎಂದರೆ ಹಿರಿಯ ಹೂವುಳ್ಳದ್ದು. ೧೭೬೩ರಲ್ಲಿ ಅಡಾನ್‌ಸನ್ ಎಂಬ ಫ್ರೆಂಚ್ ಪಂಡಿತನು ‘ಅಗತಿ’ ಎಂಬ ದೇಶಿಯ ಶಬ್ದವನ್ನೇ ಗಣನಾಮವಾಗಿ ಸ್ವೀಕರಿಸಿದನು. ೧೮೦೬ರಲ್ಲಿ ಪ್ವಾರೇ ಎಂಬವನು ಇದನ್ನು ‘ಸೆಸ್ಬಾನಿಯ’ ಗಣಕ್ಕೆ ಸೇರಿಸಿದನು. ಈಗ ಸರ್ವಸಮ್ಮತವಾದ ಹೆಸರು ‘ಸೆಸ್ಬಾನಿಯ ಗ್ರಾಂಡಿಫ್ಲೋರ’. ಎಣ್ಣೆಕಾಳಿನ ಅಗಸೆಗೆ ಲಿನ್ನೇಯಸನು ಅದೇ ೧೭೫೩ರಲ್ಲಿ ಇಟ್ಟ ಹೆಸರು ‘ಲೈನಮ್ ಉಸಿಟಾಟಿಸ್ಸಿಮಮ್’, ಎಂದರೆ ಅತ್ಯಂತ ಉಪಯುಕ್ತವಾದ ನಾರುಗಿಡ. ಕನ್ನಡದಲ್ಲಿ ಒಂದೇ ಹೆಸರಿನಿಂದ ನಿಂತ ಇವೆರಡು ಸಸ್ಯಶಾಸ್ತ್ರದಲ್ಲಿ ಕುಲದಿಂದಲೇ ಬೇರೆ.

೪. ಬೆಳೆಯಿಸುವ ಕ್ರಮ

ಅಗಸೆಮರವನ್ನು ಬೀಜದಿಂದಲೂ ಬಲಿತ ಕೊಂಬೆಯ ತುಂಡಿನಿಂದಲೂ ಬೆಳೆಯಿಸಬಹುದು. ಬೀಜವೇ ಸುಲಭೋಪಾಯ. ಚೆನ್ನಾಗಿ ಬಲಿತು ಒಣಗಿದ ಕಾಯಿಂದ ತೆಗೆದ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ಮುಂಗಾರು ಹಿಡಿದ ಮೇಲೆ ನೆಲವನ್ನು ಸಡಿಲಿಸಿ ಗೊಬ್ಬರ ಬೆರೆಸಿದ ಗುಣಿಯಲ್ಲಿ ಎರಡು ಮೂರರಂತೆ ಊರಬೇಕು. ಬೀಜವು ಬೆರಳಗಣ್ಣಿನಷ್ಟು ಆಳದಲ್ಲಿದ್ದರೆ ಸಾಕು. ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಸಸಿಗಳು ಗೇಣುದ್ದವಾದಾಗ ಪುಷ್ಟವಾದ ಒಂದನ್ನು ಉಳಿಸಿ ಮಿಕ್ಕವನ್ನು ಕೀಳಬೇಕು. ಆರೈಕೆ ಚೆನ್ನಾಗಿದ್ದರೆ ಒಂದು ವರ್ಷ ತುಂಬುವಷ್ಟರಲ್ಲಿಯೇ ಹೂಬಿಡುವುದೂ ಉಂಟು.

ನೆಲದ ವಿಷಯದಲ್ಲಿ ಈ ಮರಕ್ಕೆ ಹಟವಿಲ್ಲ. ಕೆಮ್ಮಣ್ಣು, ಎರೆ, ಮರಳುಮಿಶ್ರ ಎಲ್ಲವೂ ಒಗ್ಗುವುವು. ಸ್ವಲ್ಪ ಕಾಲ ನೀರು ನಿಂತರೂ ತಾಳಿಕೊಳ್ಳುತ್ತದೆ. ದ್ವಿದಳಧಾನ್ಯಗಳ ಕುಲಧರ್ಮದಂತೆ ಇದರ ಬೇರಿನಲ್ಲಿ ಗಂಟುಗಳಿದ್ದು, ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಬಡನೆಲದಲ್ಲಿಯೂ ಬೆಳೆಯುತ್ತದೆ. ಸುತ್ತಲಿನ ನೆಲವನ್ನೂ ಸತ್ತ್ವವತ್ತಾಗಿಸುತ್ತದೆ. ಆದರೆ ಚಳಿಯನ್ನೂ ಬಿರುಗಾಳಿಯನ್ನೂ ಇದು ಸಹಿಸದು. ಹಿಮ ಬೀಳುವ ಎತ್ತರದ ಪ್ರದೇಶಗಳಲ್ಲಿ ಬದುಕದು. ಗಾಳಿಯ ಹೊಡೆತಕ್ಕೆ ಮೃದುವಾದ ಕೊಂಬೆಗಳು ಮುರಿಯುವುವು. ಕಾಂಡವನ್ನು ಕೊರೆಯುವ ಹುಳುವೂ ಇದಕ್ಕೆ ಶತ್ರು. ಸೊಪ್ಪಿಗಾಗಿ ಪದೇ ಪದೇ ಬುಡದವರೆಗೆ ಕಡಿದರೆ ಮರವು ಸೊರಗಿ ಸಾಯುವುದು. ಪಕ್ಕದ ರೆಂಬೆಗಳನ್ನಷ್ಟೇ ಸರದಿಯಂತೆ ಕೊಯ್ದು ತಲೆಯನ್ನು ಉಳಿಸುವುದು ತಿಳಿದವರ ಪದ್ಧತಿ.

ಎಲೆತೋಟದವರು ಇದನ್ನು ಬೆಳೆಯಿಸುವುದು ಹೂವಿಗಾಗಿಯಲ್ಲ, ಬಳ್ಳಿಯ ಆಸರೆಗಾಗಿ. ಅಗಸೆ, ಚೊಗಚೆ, ನುಗ್ಗೆ, ಹಾಲುವಾಣ ಮುಂತಾದವನ್ನು ಸಾಲಾಗಿ ಎಬ್ಬಿಸಿ ಅವುಗಳ ಕಾಂಡಕ್ಕೆ ವೀಳ್ಯದ ಬಳ್ಳಿಯನ್ನು ಕಟ್ಟುತ್ತಾರೆ. ಅಗಸೆಯು ಇಲ್ಲಿ ಎರಡು ಕಾರಣಗಳಿಂದ ಮೇಲೆನಿಸಿಕೊಂಡಿದೆ: ಬೇಗ ಎತ್ತರವಾಗುವುದರಿಂದ ಬಳ್ಳಿಯು ಕಾಯಬೇಕಾಗಿಲ್ಲ, ನೆರಳು ಜಾಳಾದುದರಿಂದ ಬಳ್ಳಿಗೆ ಬೇಕಾದಷ್ಟೇ ಬಿಸಿಲು ಇಳಿಯುತ್ತದೆ. ಮರವು ಹದಿಮೂರು ಹದಿನಾಲ್ಕು ಅಡಿಗಳಾದಾಗ ತುದಿಯನ್ನು ಸವರಿ ಎತ್ತರವನ್ನು ತಡೆಯುವುದು ವಾಡಿಕೆ. ಸವರಿದ ಸೊಪ್ಪು ದನಗಳಿಗೆ ಮೇವು, ಮನೆಗೆ ಪಲ್ಯ.

೫. ಹೂವಿನ ಮತ್ತು ಸೊಪ್ಪಿನ ಉಪಯೋಗ

ತೋಟದ ಅಲಂಕಾರವೂ ಅಡುಗೆಯ ಸಾಮಗ್ರಿಯೂ ಆಗಿ ಒಂದೇ ಹೂವು ಒದಗುವುದು ಅಪರೂಪ. ಅಗಸೆಯು ಅಂಥ ಅಪರೂಪಗಳಲ್ಲೊಂದು. ಬಂಗಾಳದಲ್ಲಿ ಈ ಹೂವನ್ನು ಬಕಫೂಲ ಎಂದು ಕರೆದು ಕಡಲೆಯ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಾರೆ. ಮಹಾರಾಷ್ಟ್ರದಲ್ಲಿ ಹದಗಾ ಎಂಬ ಹೆಸರಿನಿಂದ ಪಲ್ಯವಾಗುತ್ತದೆ. ಸಯಾಂ ದೇಶದಲ್ಲಿ, ಎಂದರೆ ಈಗಿನ ಥಾಯ್ಲೆಂಡಿನಲ್ಲಿ, ಹುಳಿಸಾರಿಗೆ ಹಾಕುತ್ತಾರೆ. ಕನ್ನಡನಾಡಿನಲ್ಲಿ ಹೂವನ್ನು ಹೆಚ್ಚಿ, ಸಾಸುವೆ ಉದ್ದಿನಬೇಳೆಗಳ ಒಗ್ಗರಣೆಯಲ್ಲಿ ಬಾಡಿಸಿ, ತೆಂಗಿನಕಾಯಿಯ ತುರಿ ಹಾಕಿ ಪಲ್ಯ ಮಾಡುವುದುಂಟು.

ಎಲ್ಲ ದೇಶಗಳ ಅಡುಗೆಯವರೂ ಒಪ್ಪಿದ ನಿಯಮವೊಂದಿದೆ: ಹೂವನ್ನು ಬಿಡಿಸಿ ಬುಡದ ಹಸುರು ಬಟ್ಟಲನ್ನೂ ಒಳಗಿನ ಕೇಸರದ ಕಟ್ಟನ್ನೂ ತೆಗೆದುಹಾಕಬೇಕು. ಕಹಿಯು ಮುಖ್ಯವಾಗಿ ಅಲ್ಲಿರುವುದು. ಪೂರ್ತಿ ಅರಳಿ ಬಾಡಿದ ಹೂವಿಗಿಂತ ಆಗತಾನೆ ಬಿರಿಯುವ ಮೊಗ್ಗು ಮೃದು. ಬಿಳಿಯ ಹೂವು ಊಟಕ್ಕೆ ಹೆಚ್ಚು ಮೆಚ್ಚಿಕೆಯಾದದ್ದು; ಕೆಂಪಿನದು ಕಹಿ ಹೆಚ್ಚೆಂದು ಹೇಳುತ್ತಾರೆ. ಸೊಪ್ಪಾದರೆ ಚಿಗುರನ್ನೇ ಆರಿಸಬೇಕು. ಏಕಾದಶಿಯ ಉಪವಾಸದ ಮರುದಿನ ದ್ವಾದಶಿಯ ಪಾರಣೆಯಲ್ಲಿ ಅಗಸೆಯ ಸೊಪ್ಪನ್ನೂ ನೆಲ್ಲಿಕಾಯನ್ನೂ ಬಡಿಸುವ ಆಚಾರವು ದಕ್ಷಿಣದೇಶದ ಅನೇಕ ವೈದಿಕಗೃಹಗಳಲ್ಲಿದೆ.

ಈ ಆಚಾರಕ್ಕೆ ಶರೀರಹಿತದ ಆಧಾರವೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು ಹಿಂದೆ ಪ್ರಕಟಿಸಿದ ಆಹಾರಸತ್ತ್ವಗಳ ಕೋಷ್ಟಕದಲ್ಲಿ ೧೦೦ ಗ್ರಾಂ ಅಗಸೆಸೊಪ್ಪಿಗೆ ೧೧೩೦ ಮಿಲಿಗ್ರಾಂ ಸುಣ್ಣದ ಸತ್ತ್ವವೂ ೫೪೦೦ ಮೈಕ್ರೋಗ್ರಾಂ ಕ್ಯಾರೊಟೀನೂ ಲೆಕ್ಕ ಹಾಕಲ್ಪಟ್ಟಿವೆ. ಕ್ಯಾರೊಟೀನು ಶರೀರದಲ್ಲಿ ‘ಎ’ ಜೀವಸತ್ತ್ವವಾಗಿ ಪರಿಣಮಿಸುವುದು. ಆ ಜೀವಸತ್ತ್ವದ ಕೊರತೆಯು ಇರುಳುಗುರುಡಿಗೆ ಒಂದು ಪ್ರಧಾನ ಕಾರಣ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಅಗಸ್ತಿಯ ಹೂವನ್ನು ಶೀತವೀರ್ಯವೆಂದೂ, ನಾಲ್ಕನೆಯ ದಿನಕ್ಕೊಮ್ಮೆ ಬರುವ ಜ್ವರವನ್ನು ತಡೆಯುವುದೆಂದೂ, ನಕ್ತಾಂಧ್ಯವನ್ನು, ಎಂದರೆ ಇರುಳುಗುರುಡನ್ನು, ಹೋಗಲಾಡಿಸುವುದೆಂದೂ ಹೇಳಿದ್ದಾನೆ. ಶಾಸ್ತ್ರವು ಹೂವಿಗೆ ಹೇಳಿದ ಗುಣಕ್ಕೆ ಹೊಂದುವ ಸತ್ತ್ವವು ಇಂದಿನ ಪರೀಕ್ಷೆಯಲ್ಲಿ ಸೊಪ್ಪಿನಲ್ಲಿ ಹೇರಳವಾಗಿ ಕಂಡಿದೆಯೆಂಬ ಭೇದವನ್ನು ಗಮನಿಸಬೇಕು. ಎಣ್ಣೆಕಾಳಿನ ಅಗಸೆಯಲ್ಲಿ ಈ ಜೀವಸತ್ತ್ವವು ಇಲ್ಲವೆನ್ನುವಷ್ಟು ಅಲ್ಪ. ವೈದ್ಯಗ್ರಂಥದ ‘ಅಗಸೆ’ಗೆ ‘ಅಗಸೆಬೀಜ’ವೆಂದು ಅರ್ಥ ಬರೆದವನು ಶಾಸ್ತ್ರವಾಕ್ಯವನ್ನೇ ನಿಷ್ಫಲಗೊಳಿಸಿದಂತಾಗುವುದು.

ಗುರುತಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಇದೇ ಗಣಕ್ಕೆ ಸೇರಿದ, ದಕ್ಷಿಣ ಅಮೆರಿಕ ಮೂಲದ ‘ಸೆಸ್ಬಾನಿಯ ಪ್ಯೂನಿಸಿಯ’ ಎಂಬ ಗಿಡವನ್ನು ಹಲವು ದೇಶಗಳಲ್ಲಿ ಅಂದಕ್ಕಾಗಿ ಬೆಳೆಯಿಸಿದ್ದಾರೆ. ಅದರ ಹೂವು ಕಿತ್ತಳೆಗೆಂಪು, ಅದು ವಿಷಗಿಡ. ಕೆಂಪು ಅಗಸೆಯೆಂದು ಭ್ರಮಿಸಿ ಅದನ್ನು ತಿನ್ನಬಾರದು. ಭೇದವು ಸ್ಪಷ್ಟವೇ ಆಗಿದೆ: ಅದರ ಹೂವು ಒಂದು ಅಂಗುಲದಷ್ಟೇ ಚಿಕ್ಕದು, ಕಾಯಿ ಗಿಡ್ಡವಾಗಿ ನಾಲ್ಕು ಅಂಚುಗಳಿಂದ ಕೂಡಿದ್ದು. ಅಗಸೆಯ ಹೂವು ಮೂರು ಅಂಗುಲ, ಕಾಯಿ ಅಡಿಗೂ ಮಿಗಿಲು, ಅಂಚುಗಳಿಲ್ಲದ್ದು.

೬. ಶಬ್ದವಿಚಾರ

ಸಂಸ್ಕೃತದಲ್ಲಿ ಈ ಮರಕ್ಕೆ ಅಗಸ್ತ್ಯ, ಅಗಸ್ತಿ, ಮುನಿದ್ರುಮ, ಮುನಿಪುಷ್ಪ, ವಂಗಸೇನ, ಬಕಪುಷ್ಪ, ವಕ್ರಪುಷ್ಪ ಮೊದಲಾದ ಹೆಸರುಗಳಿವೆ. ಇವುಗಳಲ್ಲಿ ಕೆಲವು ಆಕಾರದಿಂದ ಬಂದವು: ವಕ್ರಪುಷ್ಪವೆಂದರೆ ಡೊಂಕುಹೂವಿನದು, ಬಕಪುಷ್ಪವೆಂದರೆ ಕೊಕ್ಕರೆಯಂತೆ ಬೆಳ್ಳಗೆ ಕೊರಳು ಬಾಗಿದ ಹೂವುಳ್ಳದ್ದು. ಅಗಸ್ತ್ಯನ ಹೆಸರು ಕಾಲದಿಂದ ಬಂದಿತೆಂಬುದು ಸಂಪ್ರದಾಯ. ಮಳೆಗಾಲವು ಮುಗಿಯುತ್ತ ಬಂದಾಗ ದಕ್ಷಿಣದಿಕ್ಕಿನಲ್ಲಿ ಅಗಸ್ತ್ಯನಕ್ಷತ್ರವು ಉದಯಿಸುವುದೆಂದೂ, ಅದರ ಉದಯದಿಂದ ಕಲಕಿದ ನೀರು ತಿಳಿಯಾಗುವುದೆಂದೂ ಪ್ರಾಚೀನರ ನಂಬಿಕೆ. ವರಾಹಮಿಹಿರನು ಬೃಹತ್ಸಂಹಿತೆಯ ಹನ್ನೆರಡನೆಯ ಅಧ್ಯಾಯವನ್ನು ಅಗಸ್ತ್ಯಚಾರಕ್ಕೆಂದೇ ಮೀಸಲಿಟ್ಟಿದ್ದಾನೆ. ಆ ಶರತ್ಕಾಲದಲ್ಲಿ ಹೂಬಿಡಲು ತೊಡಗುವ ಮರಕ್ಕೆ ಆ ಮುನಿಯ ಹೆಸರು ಸಂದಿತು. ಮುನಿದ್ರುಮ, ಮುನಿಪುಷ್ಪಗಳು ಅದರ ಪರ್ಯಾಯಗಳು.

ಎಣ್ಣೆಕಾಳಿನ ಗಿಡಕ್ಕೆ ಅಮರಕೋಶವು ಕೊಡುವ ಹೆಸರುಗಳು ಅತಸೀ, ಉಮಾ, ಕ್ಷುಮಾ ಎಂದು ಮೂರು. ಇದನ್ನು ಹೇಳಿರುವುದು ವೈಶ್ಯವರ್ಗದಲ್ಲಿ, ಧಾನ್ಯಗಳ ನಡುವೆ. ವನೌಷಧಿವರ್ಗದ ಮರಗಳ ನಡುವೆ ಅಲ್ಲ. ಕ್ಷುಮೆಯ ನಾರಿನಿಂದಾದದ್ದು ಕ್ಷೌಮ, ಎಂದರೆ ನಾರುಮಡಿ.

ಈಗ ಕನ್ನಡಕ್ಕೆ ಬಂದರೆ, ‘ಅಗಸ್ತಿ’ಯ ಸಂಯುಕ್ತಾಕ್ಷರದಲ್ಲಿ ತಕಾರವು ಲೋಪವಾಗಿ ಸಕಾರವು ಉಳಿದು ‘ಅಗಸೆ’ಯೆಂದಾಯಿತು. ತಮಿಳಿನಲ್ಲಿ ಇದಕ್ಕೆ ಪ್ರತಿಯಾಗಿ ಸಕಾರವು ಹೋಗಿ ತಕಾರವು ಇಮ್ಮಡಿಸಿ ‘ಅಗತ್ತಿ’ಯೆಂದಾಗಿದೆ. ಮತ್ತೊಂದು ಕಡೆ ‘ಅತಸೀ’ ಶಬ್ದವೂ ತದ್ಭವವಾಗಿ ‘ಅಗಸೆ’ಯೆಂಬ ರೂಪವನ್ನೇ ತಾಳಿತು. ಇಲ್ಲಿ ತಕಾರವು ಗಕಾರವಾಗಿರುವುದು ಸಾಮಾನ್ಯ ನಿಯಮಕ್ಕೆ ಹೊರತಾದದ್ದು. ಪ್ರಾಕೃತದಲ್ಲಿ ಈ ತಕಾರಕ್ಕೆ ಲಕಾರವು ಬಂದು ‘ಅಲಸೀ’ ಎಂದಾಗುವುದೆಂದು ಹೇಮಚಂದ್ರನ ವ್ಯಾಕರಣವು ವಿಶೇಷವಾಗಿ ವಿಧಿಸುತ್ತದೆ. ಹಿಂದಿಯ ‘ಅಲಸಿ’ ಅದರ ಸಂತಾನ. ಕನ್ನಡದಲ್ಲಿ ಲಕಾರವು ಬಾರದೆ ಗಕಾರವು ಬಂದುದಕ್ಕೆ, ಆ ವೇಳೆಗಾಗಲೇ ಜನರ ಬಾಯಲ್ಲಿ ರೂಢವಾಗಿದ್ದ ಅಗಸೆಮರದ ಹೆಸರು ಈ ಶಬ್ದವನ್ನು ತನ್ನ ಕಡೆಗೆ ಎಳೆದುಕೊಂಡಿತೆಂದು ಊಹಿಸಬಹುದು. ಊಹೆಯನ್ನು ಬಿಟ್ಟರೂ ಫಲವು ಪ್ರತ್ಯಕ್ಷವಾಗಿದೆ: ಎರಡು ಸಂಸ್ಕೃತಶಬ್ದಗಳು ಕನ್ನಡದಲ್ಲಿ ಒಂದಾದುವು.

ತೆಲುಗಿನಲ್ಲಿಯೂ ಇದೇ ಸ್ಥಿತಿ. ಅಲ್ಲಿ ‘ಅವಿಸೆ’ಯೆಂದರೆ ಮರವೂ ಹೌದು, ಎಣ್ಣೆಕಾಳೂ ಹೌದು. ಉಳಿದ ನೆರೆಭಾಷೆಗಳು ಭೇದವನ್ನು ಕಾಪಾಡಿಕೊಂಡಿವೆ. ತಮಿಳರಿಗೆ ಮರವು ಅಗತ್ತಿ, ಕಾಳು ಆಳಿ. ಮರಾಠಿಗರಿಗೆ ಮರವು ಹದಗಾ, ಕಾಳು ಜವಸ. ಹಿಂದಿಯವರಿಗೆ ಮರವು ಅಗಸ್ತ, ಕಾಳು ಅಲಸಿ. ಆದುದರಿಂದ ಈ ಭಾಷೆಗಳಿಂದ ಕನ್ನಡಕ್ಕೆ ಪರಿವರ್ತಿಸುವವರು ಮೂಲದಲ್ಲಿ ಸ್ಪಷ್ಟವಾಗಿದ್ದ ಅರ್ಥವನ್ನು ಕನ್ನಡದಲ್ಲಿ ಮಸಕುಗೊಳಿಸದಂತೆ ಎಚ್ಚರವಹಿಸಬೇಕಾಗಿದೆ.

ಹೆಸರು ಜಾರಿದರೆ ದೇವತಾಮೂರ್ತಿಯ ಬಣ್ಣವೇ ಸಂದಿಗ್ಧವಾಗುವುದೆಂಬುದಕ್ಕೆ ಬಂಗಾಳದ ದೃಷ್ಟಾಂತವಿದೆ. ದುರ್ಗಾಧ್ಯಾನದಲ್ಲಿ ದೇವಿಯ ವರ್ಣಕ್ಕೆ ಅತಸೀಪುಷ್ಪವು ಉಪಮಾನವಾಗಿ ಬರುವುದುಂಟು. ಬಂಗಾಳದಲ್ಲಿ ಅತಸಿಯೆಂಬ ಹೆಸರು ಸೆಣಬಿನ ಗಣಕ್ಕೆ ಸೇರಿದ, ಹಳದಿ ಹೂವಿನ ಬೇರೊಂದು ಗಿಡಕ್ಕೆ ಸಲ್ಲುತ್ತದೆ. ಅಲ್ಲಿಯ ಓದುಗನಿಗೆ ಆ ಉಪಮಾನವು ಹೊಂಬಣ್ಣವನ್ನು ಸೂಚಿಸಿದರೆ, ಅಮರಕೋಶದ ಅತಸಿಯನ್ನು ಬಲ್ಲವನಿಗೆ ನೀಲವರ್ಣವನ್ನು ಸೂಚಿಸುತ್ತದೆ.

೭. ಕಾವ್ಯಾರ್ಥನಿರ್ಣಯದ ಗುರುತುಗಳು

ಮರದ ಹೂವನ್ನು ಕಣ್ಣಾರೆ ಕಂಡವನಿಗೆ ಮಾತ್ರ ಸ್ವಾರಸ್ಯವು ತಿಳಿಯುವಂಥ ಕಲ್ಪನೆಯೊಂದು ಶ್ರೀಹರ್ಷನ ನೈಷಧೀಯಚರಿತದ ಪ್ರಥಮ ಸರ್ಗದಲ್ಲಿದೆ. ನಳನು ಉದ್ಯಾನದಲ್ಲಿ ಸಂಚರಿಸುತ್ತ ಮೊಗ್ಗುಗಳಿಂದ ತುಂಬಿದ ಮುನಿದ್ರುಮವನ್ನು ಕಾಣುತ್ತಾನೆ. ಕೃಷ್ಣಪಕ್ಷದಲ್ಲಿ ನುಂಗಿದ್ದ ಚಂದ್ರಕಲೆಗಳನ್ನು ರಾಹುವು ಹೊರಗೆ ಉಗುಳುತ್ತಿರುವಂತೆ ಅದು ಅವನಿಗೆ ತೋರುತ್ತದೆ. ಇಲ್ಲಿ ಕಪ್ಪುಗಾಂತಿಯ ಮರವೇ ರಾಹು. ಬಾಗಿದ ಬಿಳಿಯ ಮೊಗ್ಗುಗಳೇ ಕಲೆಗಳು. ಒಂದು ಚಂದ್ರಕಲೆಯಲ್ಲ, ಕಲೆಗಳ ಸಮೂಹವೆಂದು ಕವಿಯು ಹೇಳಿರುವುದು ಮೊಗ್ಗುಗಳು ಗೊಂಚಲಾಗಿ ಜೋಲುವುದಕ್ಕೆ ಸರಿಹೊಂದುತ್ತದೆ. ಮುನಿದ್ರುಮಕ್ಕೆ ‘ಒಂದು ಬಗೆಯ ಮರ’ವೆಂದಷ್ಟೇ ಟಿಪ್ಪಣಿ ಬರೆದರೆ ಶ್ಲೋಕದ ಪ್ರಾಣವೇ ಹೋಗುವುದು.

ಚಂದ್ರಕಲೆಯ ಹೋಲಿ­ಕೆಯಿದ್ದಲ್ಲೆಲ್ಲ ಅಗಸೆಯೇ ಎಂದು ಹೇಳುವಂತೆಯೂ ಇಲ್ಲ. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಕಾಳಿದಾಸನು ಎಳೆಯ ಚಂದ್ರನಂತೆ ಬಾಗಿರುವ ಮೊಗ್ಗುಗಳನ್ನು ವರ್ಣಿಸಿರುವುದು ಮುತ್ತುಗದಲ್ಲಿ. ಅಲ್ಲಿ ಬಣ್ಣವು ಅತಿರಕ್ತ, ಉಪಮಾನವು ನಖಕ್ಷತ, ಕಾಲವು ವಸಂತ. ಮುತ್ತುಗವು ಎಲೆಯುದುರಿದ ಬೋಳುಕೊಂಬೆಯಲ್ಲಿ ಹೂಬಿಡುತ್ತದೆ. ಅದರ ಎಲೆಯು ಮೂರು ಅಗಲವಾದ ಕಿರುಎಲೆಗಳಿಂದಾದದ್ದು. ಅಗಸೆಯಾದರೆ ಹಸುರೆಲೆಗಳ ನಡುವೆ ಹೂಬಿಡುತ್ತದೆ. ಆಕಾರವೊಂದನ್ನೇ ಹಿಡಿಯದೆ ಬಣ್ಣ, ಕಾಲ, ಎಲೆ ಮೂರನ್ನೂ ಕೂಡಿಸಿ ನೋಡಿದರೆ ತಪ್ಪಲು ಅವಕಾಶವಿಲ್ಲ.

ಅತಸಿಯ ವಿಷಯದಲ್ಲಿ ನಿರ್ಣಾಯಕವಾದದ್ದು ನೀಲವರ್ಣ. ಮಹಾಭಾರತದ ಶಾಂತಿಪರ್ವದ ಭೀಷ್ಮಸ್ತವರಾಜದಲ್ಲಿ ಪೀತಾಂಬರಧಾರಿಯಾದ ಅಚ್ಯುತನ ಮೈಗಾಂತಿಗೆ ಅತಸೀಪುಷ್ಪವು ಹೋಲಿಕೆಯಾಗಿದೆ. ಹಳದಿಯ ಉಡುಗೆಯೊಡನೆ ನೀಲಿಯ ಮೈ ಶೋಭಿಸುವುದೇ ಅಲ್ಲಿಯ ಸೊಗಸು. ಎಣ್ಣೆಕಾಳಿನ ಅಗಸೆಯು ಸೊಂಟದೆತ್ತರವನ್ನೂ ಮೀರದ ವಾರ್ಷಿಕ ಪೈರು; ಎಲೆಯು ಕಿರಿದು, ನೀಳ; ಹೂವು ಐದು ಸಮದಳಗಳುಳ್ಳ ತೆಳುನೀಲಿ. ಅದು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ದಳಗಳನ್ನು ಉದುರಿಸಿಬಿಡುತ್ತದೆ. ಗುಂಡಾದ ಕಾಯಲ್ಲಿ ಸಾಮಾನ್ಯವಾಗಿ ಹತ್ತು ನುಣುಪು ಬೀಜಗಳು. ಉತ್ತರ ಕರ್ಣಾಟಕದ ಎರೆಹೊಲಗಳಲ್ಲಿ ಹಿಂಗಾರು ಬೆಳೆಯಾಗಿ ಇದನ್ನು ಬಿತ್ತುತ್ತಾರೆ. ಜೋಳದ ರೊಟ್ಟಿಗೆ ನೆಂಚಿಕೊಳ್ಳುವ ಅಗಸಿ ಹಿಂಡಿಯು ಇದರ ಬೀಜದಿಂದಾದದ್ದು.

ಇಷ್ಟರಿಂದ ಸಿದ್ಧವಾಗುವ ಗುರುತುಗಳನ್ನು ಸಂಗ್ರಹಿಸಿದರೆ ಹೀಗಾಗುವುದು. ‘ಅಗಸೆ’ ಶಬ್ದದೊಡನೆ ಎಣ್ಣೆ, ಕಾಳು, ಹೊಲ, ಬಿತ್ತನೆ, ನಾರು, ಧಾನ್ಯಗಳ ಪಟ್ಟಿ ಇವು ಬಂದರೆ ಅತಸಿಯೆಂದು ತಿಳಿಯಬೇಕು. ಕೊಂಬೆ, ಸೊಪ್ಪು, ಎಲೆತೋಟ, ಉದ್ಯಾನ, ದ್ವಾದಶಿ, ಮುನಿ ಇವು ಬಂದರೆ ಅಗಸ್ತಿ. ವರ್ಣವು ನೀಲವಾದರೆ ಅತಸಿ. ಬಿಳುಪೋ ಕೆಂಪೋ ಆದರೆ ಅಗಸ್ತಿ. ಹೋಲಿಕೆಯು ಆಕಾರವನ್ನು ಕುರಿತು ಡೊಂಕನ್ನು ಹೇಳಿದರೆ ಅಗಸ್ತಿ, ಅತಸಿಯಲ್ಲಿ ಡೊಂಕಿಲ್ಲ. ಕೋಟೆಯೂ ಬಾಗಿಲೂ ಇದ್ದೆಡೆ ಎರಡೂ ಅಲ್ಲ.

೮. ಉಪಸಂಹಾರ

ಗ್ರಂಥಸಂಪಾದಕರೂ ಪಠ್ಯಪುಸ್ತಕಗಳಿಗೆ ಅರ್ಥಕೋಶವನ್ನು ಬರೆಯುವವರೂ ‘ಅಗಸೆ’ ಎಂಬುದಕ್ಕೆ ‘ಅಗಸೆ’ಯೆಂದೇ ಅರ್ಥ ಬರೆಯುವುದನ್ನು ಬಿಟ್ಟು, ಒಂದು ಕಡೆ ‘ಅಗಸೆಮರ’ವೆಂದೂ ಇನ್ನೊಂದು ಕಡೆ ‘ಅಗಸೆಕಾಳಿನ ಗಿಡ’ವೆಂದೂ ಬಿಡಿಸಿ ಬರೆದರೆ ಸಂದೇಹಕ್ಕೆ ಆಸ್ಪದವಿಲ್ಲ. ಎರಡಕ್ಷರ ಹೆಚ್ಚಾಗುವುದರಿಂದ ಯಾರಿಗೂ ನಷ್ಟವಿಲ್ಲ. ಅರ್ಥವು ಕೆಡುವುದರಿಂದ ಉಂಟಾಗುವ ನಷ್ಟವೇ ದೊಡ್ಡದು.

ನೆಲವಿರುವ ಪಾಠಶಾಲೆಗಳಲ್ಲಿ ಇನ್ನೂ ಉತ್ತಮವಾದ ವ್ಯಾಖ್ಯಾನವು ಸಾಧ್ಯ. ಮುಂಗಾರಿನಲ್ಲಿ ಒಂದು ಅಗಸೆಯ ಬೀಜವನ್ನು ಊರಿ, ಹಿಂಗಾರಿನಲ್ಲಿ ಒಂದು ಮಡಿ ಅಗಸೆಕಾಳನ್ನು ಚೆಲ್ಲಿದರೆ, ಕಾಳಿನ ಗಿಡವು ಸುಮಾರು ಎರಡು ತಿಂಗಳಲ್ಲಿ ನೀಲಿಯ ಹೂಬಿಡುತ್ತದೆ. ಮರವು ಮರುವರ್ಷದಿಂದ ಚಂದ್ರಕಲೆಗಳನ್ನು ತೂಗಿಸುತ್ತದೆ. ಭೀಷ್ಮಸ್ತವರಾಜವನ್ನು ಪಾಠ ಹೇಳುವ ದಿನ ಒಂದರ ಬಳಿಗೂ, ನೈಷಧವನ್ನು ಪಾಠ ಹೇಳುವ ದಿನ ಇನ್ನೊಂದರ ಬಳಿಗೂ ವಿದ್ಯಾರ್ಥಿಗಳನ್ನು ಕರೆದೊಯ್ದ ಉಪಾಧ್ಯಾಯನು ಟಿಪ್ಪಣಿಯನ್ನು ಬರೆಯಿಸಬೇಕಾಗಿಲ್ಲ. ಹಾಗೆ ಕಲಿತ ಅರ್ಥವನ್ನು ಆ ವಿದ್ಯಾರ್ಥಿಗಳು ಮರೆಯುವುದೂ ಇಲ್ಲ.